ಏರಿನಲ್ಲಿ ಬೀಳುವ ಮುಳ್ಳು

ಕಲ್ಯಾಣ ಮಂಟಪ ಕಟ್ಟಿಸುವವರು ಸಾಮಾನ್ಯವಾಗಿ ಸಮತಟ್ಟು ಜಾಗ ನೋಡುತ್ತಾರೆ. ಶಂಭುಲಿಂಗ ದಿಬ್ಬ ನೋಡಿದ. ಶಿಗ್ಗಾಂವ ದಾಟಿದ ಕೂಡಲೇ ಹೆದ್ದಾರಿಯ ಮೇಲೆ ಹೋಗುವ ಬಸ್ಸಿನವರು, ಲಾರಿಯವರು, ಟೆಂಪೋದಲ್ಲಿ ಕುರಿ ತುಂಬಿಕೊಂಡು ಹೋಗುವವರು ಕೂಡ ಕತ್ತೆತ್ತಿ ತನ್ನ ಮಂಟಪ ನೋಡಬೇಕು ಎಂಬುದು ಅವನ ಆಸೆ. ಅವರೇನೋ ನೋಡಿದರು. ಆದರೆ ಮದುವೆಗೆ ಬಂದವರು ನೋಡಿದರಷ್ಟೇ ಸಾಲದು, ಹತ್ತಲೂ ಬೇಕಲ್ಲ. ಗೇಟಿನಿಂದ ಮಂಟಪದ ಬಾಗಿಲಿನವರೆಗೆ ಅಂಕುಡೊಂಕಾಗಿ ಏರುವ ದಾರಿಗೆ ಬಣ್ಣದ ಸಿಮೆಂಟ್ ಇಟ್ಟಿಗೆ ಹಾಸಿ, ಎರಡೂ ಬದಿಗೆ ಹುಲ್ಲು ಬೆಳೆಸಿ, ಕಾರು ಹತ್ತಿದರೆ ಇಟ್ಟಿಗೆ ಕುಸಿಯುತ್ತದೆಂದು ಕಾರುಗಳನ್ನೆಲ್ಲ ಕೆಳಗೇ ನಿಲ್ಲಿಸುವ ಏರ್ಪಾಡು ಮಾಡಿದ. ಮೊಣಕಾಲು ನೋವಿನ ಬೀಗರು, ಮೈಭಾರದ ಅತ್ತೆಯರು ಅರ್ಧ ದಾರಿಯಲ್ಲಿ ನಿಂತು ಏದುಸಿರು ಬಿಡುತ್ತ ಅವನ ಹೆಸರು ಹಿಡಿದು ಬಯ್ಯುವುದನ್ನು ಅವನ ಹೆಂಡತಿ ರಂಜನಾ ಎಷ್ಟೋ ಮದುವೆಗಳಲ್ಲಿ ಕೇಳಿಸಿಕೊಂಡಿದ್ದಳು. ಕೇಳಿ, ಮನಸ್ಸಿನಲ್ಲೇ ತನ್ನದೂ ನಾಲ್ಕು ಮಾತು ಸೇರಿಸಿದ್ದಳು.

ಇದಕ್ಕೆ ಶಂಭುಲಿಂಗ ಕಂಡುಕೊಂಡ ಉಪಾಯವೆಂದರೆ ಬ್ಯಾಟರಿ ಗಾಡಿ. ದುಡ್ಡಿದ್ದವರು ಹುಲ್ಲಿನ ಮೇಲೆ ಚೆಂಡು ಹೊಡೆದು, ಹೊಡೆದ ಚೆಂಡಿನ ಹಿಂದೆ ನಡೆದು ಹೋಗಲು ಬೇಸರವೆಂದು ಕೂತು ಹೋಗುತ್ತಾರಲ್ಲ, ಆ ಗಾಡಿ. ಗೋವಾ ಕಡೆಯ ಯಾವುದೋ ರೆಸಾರ್ಟಿನವರು ಸಾಕೆಂದು ಹೊರಗಿಟ್ಟಿದ್ದನ್ನು ಲಾರಿಯಲ್ಲಿ ಹೇರಿಸಿಕೊಂಡು ಬಂದ. ಗಾಲ್ಫ್ ಎಂಬ ಆಟವನ್ನು ಶಿಗ್ಗಾಂವದಲ್ಲಿ ಆಡಿದವರಿಲ್ಲ, ನೋಡಿದವರೂ ಇಲ್ಲ. ಗಾಡಿ ಮಾತ್ರ ಬಂತು. ಬಂದ ದಿನ ಶಂಭುಲಿಂಗ ಅದಕ್ಕೆ ಪೂಜೆ ಮಾಡಿಸಿ, ನಿಂಬೆಹಣ್ಣು ತುಳಿಸಿ, ಊರ ಮಂದಿಗೆಲ್ಲ ಪೇಡೆ ಹಂಚಿದ. ತಾನೇ ಕಾರ್ಖಾನೆ ಹಾಕಿ ತಯಾರಿಸಿದವನ ಹಾಗೆ ಮೀಸೆಯ ಮೇಲೆ ಕೈಯಾಡಿಸುತ್ತ ಫೋಟೊ ತೆಗೆಸಿಕೊಂಡ.

ಗಾಡಿಯ ಮುಂಭಾಗದಲ್ಲಿ, ಸ್ಟೀರಿಂಗಿನ ಪಕ್ಕಕ್ಕೆ, ಒಂದು ಸಣ್ಣ ಮೀಟರು. ಒಂದು ತುದಿಗೆ ಕೆಂಪು, ನಡುವೆ ಹಳದಿ, ಇನ್ನೊಂದು ತುದಿಗೆ ಹಸಿರು. ಅದರ ಮೇಲೊಂದು ಮುಳ್ಳು. ಶಂಭುಲಿಂಗನಿಗೆ ಅದು ಮೋಟರ್ ಸೈಕಲ್ಲಿನ ಪೆಟ್ರೋಲ್ ಮುಳ್ಳೇ. ಹಸಿರಿನಲ್ಲಿದ್ದರೆ ಟಾಕಿ ತುಂಬಿದೆ, ನಡುವೆ ಇದ್ದರೆ ಅರ್ಧ ಉಳಿದಿದೆ. ಮುಗಿಯಿತು ಅವನ ವಿದ್ಯೆ. ಚಾರ್ಜಿಗೆ ಹಾಕಿದ ಸ್ವಲ್ಪ ಹೊತ್ತಿಗೇ ಮುಳ್ಳು ಹಸಿರಿಗೆ ಬರುತ್ತಿತ್ತು. ಬಂದ ಕೂಡಲೇ ಅವನು ಡ್ರೈವರ್ ಲಕ್ಕಪ್ಪನನ್ನು ಕೂಗುತ್ತಿದ್ದ:

"ಟಾಕಿ ತುಂಬೇತಿ, ಪೈಪ ತಗಿಯೋ. ಸುಮ್ನ ಕರೆಂಟ್ ಬಿಲ್ ಏರಸಬ್ಯಾಡ."

ಲಕ್ಕಪ್ಪ ಮೂವತ್ತು ವರ್ಷ ಟ್ರ್ಯಾಕ್ಟರ್ ಹೊಡೆದವನು. ಅವನದು ಬೇರೆಯದೇ ಸಿದ್ಧಾಂತ. ಮುಳ್ಳು ಕೆಳಗೆ ಬಂದರೆ ಗಾಜಿನ ಮೇಲೆ ಬೆರಳಿನಿಂದ ಎರಡು ಸಲ ಕುಟ್ಟಬೇಕು. ಅದಕ್ಕೂ ಜಗ್ಗದಿದ್ದರೆ ಗಾಡಿ ಬಂದ್ ಮಾಡಿ ಒಂದು ಎಲೆ ಅಡಿಕೆ ಹಾಕಿಕೊಳ್ಳಬೇಕು. ಎಲೆ ಅಗಿದು ಉಗುಳುವಷ್ಟರಲ್ಲಿ ಮುಳ್ಳು ತಾನಾಗಿಯೇ ಮೇಲಕ್ಕೆ ಬಂದಿರುತ್ತದೆ. "ಎತ್ತ ದಣದಂಗ ಇದೂ ದಣಿತೈತ್ರಿ ಅಕ್ಕಾರ. ನಿಂತ್ರ ಮತ್ತ ಚಾರ್ಜ್ ಆಗತೈತಿ," ಎಂದು ಅವನು ರಂಜನಾಳಿಗೆ ಗಂಭೀರವಾಗಿ ತಿಳಿಹೇಳಿದ್ದ. ಸಾವಕಾರನಿಗೆ ತಕ್ಕ ಡ್ರೈವರ್ ಎಂದುಕೊಂಡಳು ಆಕೆ.

ಗಂಡನ ಖರೀದಿಗಳ ಬಗ್ಗೆ ರಂಜನಾಳಿಗೆ ಹಳೆಯ ಅನುಭವವಿತ್ತು. ಮೆಕ್ಕೆಜೋಳ ಒಣಗಿಸುವ ಯಂತ್ರವೊಂದು ಹಿತ್ತಲಲ್ಲಿ ಕೋಳಿಗೂಡಾಗಿತ್ತು. ಹಾಗಾಗಿ ಈ ಗಾಡಿಯನ್ನು ಆಕೆ ಮೊದಲಿನಿಂದಲೂ ಸಂಶಯದ ಕಣ್ಣಿನಿಂದಲೇ ನೋಡಿದಳು. ಗಂಡ ಊರಲ್ಲಿಲ್ಲದ ಒಂದು ಬೆಳಿಗ್ಗೆ ಅಕ್ಕಿ ಚೀಲಗಳನ್ನು ಹಿಂದಿನ ಸೀಟಿಗೆ ಹೇರಿಸಿ, ಲಕ್ಕಪ್ಪನನ್ನು ಕೆಳಗಿಳಿಸಿ, ತಾನೇ ಗಾಡಿ ಹೊಡೆದಳು. ಗೇಟಿನ ಹತ್ತಿರ ಮುಳ್ಳು ಹಸಿರಿನಲ್ಲಿ ಜಂಬದಿಂದ ನಿಂತಿತ್ತು. ಏರು ಶುರುವಾದ ಕೂಡಲೇ ಹಳದಿಗೆ ಇಳಿಯಿತು. ತಿರುವಿನಲ್ಲಿ ಕೆಂಪನ್ನು ಮುಟ್ಟಿತು, ಗಾಡಿ ನರಳುತ್ತ ನಡೆಯಿತು. ಮೇಲೆ ಹೋಗಿ ನಿಲ್ಲಿಸಿ ಚೀಲ ಇಳಿಸುವಷ್ಟರಲ್ಲಿ ಮುಳ್ಳು ಏನೂ ಆಗೇ ಇಲ್ಲವೆಂಬಂತೆ ಮತ್ತೆ ಹಸಿರಿನಲ್ಲಿ. ಮನೆಯ ಇನ್ವರ್ಟರೂ ಇದೇ ಆಟ ಆಡುತ್ತಿತ್ತು. ಕರೆಂಟು ಇದ್ದಾಗ ಪೂರ್ತಿ ತೋರಿಸುವುದು, ಕರೆಂಟು ಹೋಗಿ ಎರಡು ಫ್ಯಾನು ಹಚ್ಚಿದ ಕೂಡಲೇ ಕುಂಯ್ ಎಂದು ಕಣ್ಣು ಮುಚ್ಚುವುದು. ಸುಮ್ಮನೆ ನಿಂತಾಗ ಮುಳ್ಳು ಹೇಳುವುದು ಬಡಾಯಿ, ಭಾರ ಹೊತ್ತು ಏರುವಾಗ ಹೇಳುವುದೇ ನಿಜ ಎಂದು ಆಕೆಗೆ ಸ್ಪಷ್ಟವಾಯಿತು. ಬಡಾಯಿಯನ್ನು ಗುರುತಿಸುವ ಅಭ್ಯಾಸ ಆಕೆಗೆ ಮದುವೆಯಾದ ವರ್ಷದಿಂದಲೇ ಇತ್ತು.

ಇದರ ಮೇಲೆ ಶಂಭುಲಿಂಗ ಇನ್ನೊಂದು ಘನಕಾರ್ಯ ಮಾಡಿದ. ಗಾಡಿಗೆ ಬಣ್ಣದ ದೀಪದ ಸರ, ಹಾಡು ಹಾಕಲು ದೊಡ್ಡ ಸ್ಪೀಕರು. ಸೀಟಿನ ಕೆಳಗೆ ಸಾಲಾಗಿ ಆರು ಬ್ಯಾಟರಿ. ಎಲ್ಲವೂ ಸೇರಿ ಗಾಡಿ ಎಳೆಯಬೇಕು. ವಾಯರಿನವನು ದೀಪ ಮತ್ತು ಸ್ಪೀಕರನ್ನು ಅವುಗಳಲ್ಲಿ ಎರಡಕ್ಕೆ ಮಾತ್ರ ಜೋಡಿಸಿ ಕೈ ಝಾಡಿಸಿಕೊಂಡು ಹೋದ. ಆರು ಜನ ಹೊತ್ತ ತೊಲೆಯಲ್ಲಿ ಇಬ್ಬರ ಮಂಡಿ ಮಡಚಿದರೆ ಉಳಿದ ನಾಲ್ವರು ಏನು ಮಾಡಿಯಾರು? ಮೀಟರಿಗೆ ಇದೆಲ್ಲ ತಿಳಿಯದು, ಅದು ಆರನ್ನೂ ಕೂಡಿಸಿ ಒಂದೇ ಲೆಕ್ಕ ಹೇಳುತ್ತದೆ. ದೀಪ ಬಂದ ಮೇಲೆ ಏರಿನಲ್ಲಿ ಮುಳ್ಳು ಇನ್ನೂ ಬೇಗ ಬೀಳತೊಡಗಿತು. ಅದನ್ನು ನೋಡಿದವಳು ರಂಜನಾ ಒಬ್ಬಳೇ.

ಮಗಳು ಪೂಜಾಳ ಮದುವೆ ಅದೇ ಮಂಟಪದಲ್ಲಿ ನಿಶ್ಚಯವಾಗಿತ್ತು. ಹುಡುಗ ಸಂಜಯ, ಹಾನಗಲ್ಲಿನವನು. ಹುಡುಗನ ತಂದೆ ರವಿಕುಮಾರ ಹೆಂಡತಿಯನ್ನೂ ಹತ್ತು ಜನ ನೆಂಟರನ್ನೂ ಕರೆದುಕೊಂಡು ಒಂದು ದಿನ ಮಂಟಪ ನೋಡಲು ಬಂದರು. ಶಂಭುಲಿಂಗನಿಗೆ ಇನ್ನೇನು ಬೇಕು. ದೀಪ ಹಚ್ಚಿ, ಹಾಡು ಹಾಕಿ, ಒಬ್ಬೊಬ್ಬರನ್ನೂ ಗಾಡಿಯಲ್ಲಿ ಕೂರಿಸಿ ಮೇಲೆ ಕೆಳಗೆ ಸುತ್ತಿಸಿ, ಮೀಟರಿಗೆ ಬೆರಳಿಟ್ಟು ತೋರಿಸಿದ.

"ಮುಂಜಾನಿಂದ ಓಡೇತಿ, ಇನ್ನೂ ಮುಳ್ಳ ಹಸರ ಬಿಟ್ಟಿಲ್ಲ ನೋಡ್ರಿ ಬೀಗರ."

ರಂಜನಾಗೆ ತಡೆಯಲಾಗಲಿಲ್ಲ. "ನಿಂತಾಗ ಹಂಗ ತೋರಸ್ತೈತ್ರಿ," ಎಂದಳು. "ಏರಿನ್ಯಾಗ ಕೆಂಪಿಗೆ ಬರ್ತೈತಿ, ಅವಾಗ ನೋಡ್ರಿ. ಮದುವಿ ಹಿಂದಿನ ದಿನಾ ರಾತ್ರಿಪೂರ್ತಿ ಚಾರ್ಜಿಗೆ ಬಿಡಬೇಕು, ಆ ಲೈಟಿನ ವಾಯರ ಬಿಚ್ಚಸಬೇಕು. ಇಲ್ಲಾಂದ್ರ ಅರ್ಧಾ ದಾರ್ಯಾಗ ಕುಂದರ್ತೈತಿ."

ಶಂಭುಲಿಂಗ ಬೀಗರ ಕಡೆಗೆ ತಿರುಗಿ ನಕ್ಕ. "ನಮ್ಮಾಕಿ ಬಿಎಸ್ಸಿ ಅದಾಳ್ರಿ. ಆದ್ರ ಮಿಕ್ಸರ ಬಿಟ್ಟು ಬ್ಯಾರೆ ಮಶೀನ ಮುಟ್ಟಿಲ್ಲ. ನೀ ಚಟ್ನಿ ನುಣ್ಣಗಾತೋ ಇಲ್ಲೋ ಅದನ್ನ ನೋಡವಾ, ಮೀಟರ ನಾ ನೋಡ್ಕೋತೇನಿ."

ಬೀಗರು ನಕ್ಕರು. ಬೀಗಿತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಲಕ್ಕಪ್ಪ ಕೂಡ ಸಾವಕಾರನ ಮರ್ಯಾದೆಗೆ ಒಂದಿಷ್ಟು ಹಲ್ಲು ತೋರಿಸಿದ. ರಂಜನಾಳ ಕಿವಿ ಬಿಸಿಯಾಯಿತು. ಅಂದಿನಿಂದ ಆಕೆ ಮೀಟರಿನ ಬಗ್ಗೆ ತುಟಿ ಬಿಚ್ಚಲಿಲ್ಲ. ನಿಲ್ಲಲಿ, ಎಂದುಕೊಂಡಳು. ಇದೇ ಬೀಗರು ಕೂತಿರುವಾಗ, ಇದೇ ಏರಿನಲ್ಲಿ, ದೀಪ ಹಚ್ಚಿಕೊಂಡು ಹಾಡು ಹಾಡಿಕೊಂಡು ನಿಲ್ಲಲಿ. ಆ ಹೊತ್ತಿನಲ್ಲಿ ಗಂಡನ ಮುಖ ಹೇಗಿರುತ್ತದೆ ಎಂಬುದನ್ನು ರೊಟ್ಟಿ ಬಡಿಯುವಾಗ, ಬಟ್ಟೆ ಮಡಚುವಾಗ ಕಲ್ಪಿಸಿಕೊಂಡು ಆಕೆ ಹೊಟ್ಟೆ ತಣ್ಣಗೆ ಮಾಡಿಕೊಳ್ಳುತ್ತಿದ್ದಳು.

ಒಂದೇ ಒಂದು ಚಿಂತೆ ಇತ್ತು: ಅಪ್ಪ.

ಹಿರೇಕೆರೂರಿನಲ್ಲಿ ಹತ್ತಿ, ಮೆಕ್ಕೆಜೋಳದ ವ್ಯಾಪಾರ ಮಾಡಿ ನಾಲ್ಕು ಜನರಲ್ಲಿ ತಲೆಯೆತ್ತಿ ಬದುಕಿದ ಅಜ್ಜಪ್ಪನಿಗೆ ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಎಡಗಾಲು ಸೋತಿತ್ತು. ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಿದ್ದ, ಏರು ಹತ್ತುವಂತಿರಲಿಲ್ಲ. ರಂಜನಾಳಿಗೆ ಅಣ್ಣತಮ್ಮಂದಿರಿಲ್ಲ. ಹಾಗಾಗಿ ಮದುವೆಯಲ್ಲಿ ಸೋದರಮಾವ ನಿಲ್ಲಬೇಕಾದ ಜಾಗದಲ್ಲಿ ಅಜ್ಜಪ್ಪನೇ ನಿಂತು ಪೂಜಾಳನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕು. ಕರೆತರುತ್ತೇನೆ ಎಂದು ಅವನು ಒಪ್ಪಿಕೊಂಡಿದ್ದ, ಒಂದು ಷರತ್ತಿನ ಮೇಲೆ.

"ಮಂದಿ ನನ್ನ ಹೊರಬಾರದು, ನೂಕಬಾರದು. ಅದೊಂದು ಹೇಳಿ ಇಡವಾ," ಎಂದಿದ್ದ ಫೋನಿನಲ್ಲಿ.

ಅದಕ್ಕೆ ಕಾರಣವಿತ್ತು. ಲಕ್ವಾ ಹೊಡೆದಾಗ ಆಸ್ಪತ್ರೆಯ ಲಿಫ್ಟು ಕೆಟ್ಟು, ನಾಲ್ಕು ಜನ ಅವನನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಸಿ ಹೊರಗೆ ತಂದಿದ್ದರು. ಬಾಗಿಲಲ್ಲಿ ಎದುರಾದ ಹಿರೇಕೆರೂರಿನದೇ ಒಬ್ಬ ಹೆಣ್ಣುಮಗಳು, ಪರಿಚಯದವಳೇ, ಚಪ್ಪಲಿ ಕಳಚಿ ಪಕ್ಕಕ್ಕೆ ಸರಿದು ಕೈ ಮುಗಿದಳು. ಲಿಂಗಾಯತರಲ್ಲಿ ಹೆಣವನ್ನು ಮಲಗಿಸಿ ಒಯ್ಯುವುದಿಲ್ಲ. ಕೂರಿಸಿ, ಬಾಳೆಕಂಬ ಹೂವಿನಿಂದ ಕಟ್ಟಿದ ವಿಮಾನದಲ್ಲಿ, ಭಜನೆಯೊಂದಿಗೆ ಒಯ್ಯುತ್ತಾರೆ. ನಾಲ್ವರ ಹೆಗಲೆತ್ತರದಲ್ಲಿ ಕುತ್ತಿಗೆ ವಾಲಿಸಿ ಕೂತ ಮುದುಕನನ್ನು ಕಂಡರೆ ಆಕೆ ಇನ್ನೇನು ತಿಳಿದಾಳು? ಅಜ್ಜಪ್ಪ ಅದನ್ನು ಯಾರ ಮುಂದೆಯೂ ಆಡಿಕೊಳ್ಳಲಿಲ್ಲ. ಮಗಳ ಮುಂದೆ ಮಾತ್ರ ಒಮ್ಮೆ ಹೇಳಿ, ಹೇಳುತ್ತ ಹೇಳುತ್ತ ಅತ್ತುಬಿಟ್ಟಿದ್ದ. ಅಪ್ಪ ಅತ್ತಿದ್ದನ್ನು ರಂಜನಾ ಅದೊಂದೇ ಸಲ ಕಂಡಿದ್ದು.

ಅಪ್ಪನಿಗಾಗಿ ಆಕೆ ಬೇರೆ ವ್ಯವಸ್ಥೆ ಮಾಡಿದ್ದಳು. ದಿಬ್ಬದ ಹಿಂದಿನಿಂದ ಅಡುಗೆಮನೆಗೆ ಸಾಮಾನಿನ ಟೆಂಪೋ ಬರುವ ಮಣ್ಣಿನ ದಾರಿಯಿದೆ. ಕಾರು ಅಲ್ಲಿಂದ ಹತ್ತಿ ನೇರ ಹಿಂಬಾಗಿಲಿಗೆ ಬಂದರೆ ಅಪ್ಪ ನಾಲ್ಕು ಹೆಜ್ಜೆ ನಡೆದರೆ ಸಾಕು. ಅಪ್ಪ ಹಿಂದಿನಿಂದ ಮರ್ಯಾದೆಯಾಗಿ ಬರಲಿ, ಗಂಡ ಮುಂದಿನಿಂದ ಬಂದು ಮಾನ ಕಳೆದುಕೊಳ್ಳಲಿ. ಇಷ್ಟು ಅಚ್ಚುಕಟ್ಟಾಗಿ ತನ್ನ ಗಂಡ ಜನ್ಮದಲ್ಲಿ ಒಂದು ಕೆಲಸ ಯೋಚಿಸಿಲ್ಲ ಎಂದು ಆಕೆಗೆ ತನ್ನ ಮೇಲೆ ಅಭಿಮಾನವೂ ಬಂತು.

ಮದುವೆಯ ದಿನ ಬೆಳಿಗ್ಗೆ ಗಾಡಿ ನೋಡಿ ಆಕೆಯ ಎದೆ ಧಸಕ್ಕೆಂದಿತು. ಹೂವಿನ ಅಲಂಕಾರದ ಹಾಲೇಶ ಗಾಡಿಯ ನಾಲ್ಕು ಮೂಲೆಗೆ ನಾಲ್ಕು ಬಾಳೆಕಂಬ ನಿಲ್ಲಿಸಿ, ಮೇಲಿನ ಚಾವಣಿಗೆ ಚೆಂಡುಹೂವಿನ ಮಾಲೆ ಇಳಿಬಿಟ್ಟು, ಮುಂದುಗಡೆ ಕಮಾನು ಕಟ್ಟಿದ್ದ. ಊರಿನಲ್ಲಿ ಮದುವೆ ಮಂಟಪಕ್ಕೂ ಸತ್ತವರ ವಿಮಾನಕ್ಕೂ ಹೂವು ಕಟ್ಟುವವನು ಅವನೊಬ್ಬನೇ. ಕೈ ತನಗೆ ಗೊತ್ತಿದ್ದಂತೆ ಕಟ್ಟಿತ್ತು. ಶಂಭುಲಿಂಗನಿಗೆ ಅದು ಕಾಣಲೇ ಇಲ್ಲ.

"ಏನ್ ಕಳಾ ಬಂದೇತಿ ನೋಡ," ಎಂದ ಹೆಂಡತಿಗೆ.

"ಬಂದೇತ್ರಿ," ಎಂದಳು ಆಕೆ. ಹಿಂದಿನ ರಾತ್ರಿ ಗಾಡಿ ಚಾರ್ಜಿನ ಮೇಲೆ ಇರಲಿಲ್ಲ. ಮುಳ್ಳು ಹಸಿರಿಗೆ ಬಂದ ಕೂಡಲೇ 'ಪೈಪು' ತೆಗೆಸಿ, ನೆಂಟರು ನೋಡಲೆಂದು ಮಲಗುವವರೆಗೂ ದೀಪ ಹಚ್ಚಿಸಿ ಇಟ್ಟಿದ್ದ. ಆಕೆ ಎಲ್ಲವನ್ನೂ ನೋಡಿದ್ದಳು, ಒಂದು ಮಾತೂ ಆಡಿರಲಿಲ್ಲ.

ಬೆಳಿಗ್ಗೆಯಿಂದ ಗಾಡಿ ಬೀಗರನ್ನು ಹೇರಿಕೊಂಡು ಹತ್ತಿ ಇಳಿಯಿತು. ಪ್ರತಿ ಸಲವೂ ತಿರುವಿನಲ್ಲಿ ಅದರ ಉಸಿರು ಸಣ್ಣದಾಗುವುದನ್ನು ರಂಜನಾ ಗೇಟಿನಲ್ಲಿ ನಿಂತು ಅತ್ತರು ಪನ್ನೀರು ಹಿಡಿದುಕೊಂಡೇ ಕೇಳುತ್ತಿದ್ದಳು. ಮುಹೂರ್ತ ಹತ್ತಿರ ಬರುತ್ತಿದ್ದಂತೆ ಹಿರೇಕೆರೂರಿನ ಕಾರು ಬಂತು. ಅಜ್ಜಪ್ಪ ಬಿಳಿ ಧೋತರ, ಬಿಳಿ ಅಂಗಿ, ತಲೆಗೆ ರುಮಾಲು ಸುತ್ತಿ, ಹಣೆ ತುಂಬ ವಿಭೂತಿ ಧರಿಸಿ ಕೂತಿದ್ದ. ರಂಜನಾ ಕಿಟಕಿಗೆ ಬಾಗಿ, ಕಾರು ಹಿಂದಿನ ದಾರಿಯಿಂದ ಹೋಗಲಿ ಎಂದಳು.

"ಹಿಂದ ಏನೈತಿ?"

"ಅಡಗಿಮನಿ ಬಾಗಲಪಾ. ಅಲ್ಲಿಂದ ಸಮೀಪ ಆಗತೈತಿ."

ಅಜ್ಜಪ್ಪ ಬಾಗಿಲು ತೆಗೆದು ಕೋಲು ಊರಿ ಇಳಿದುಬಿಟ್ಟ. "ಸೋದರಮಾವನ ಜಾಗಾದಾಗ ನಿಂದ್ರಾಂವ ಪಾತ್ರಿ ತೊಳಿಯೂ ಬಾಗಲಾಗಿಂದ ಬರ್ತಾನೇನವಾ? ಇಲ್ಲೆ ಹೋಗತೇನಿ." ಹೇಳಿ ನಡೆಯಲು ತೊಡಗಿದ. ಬಲಗಾಲು ಮುಂದೆ, ಕೋಲು ಮುಂದೆ, ಎಡಗಾಲು ಎಳೆದುಕೊಂಡು ಹಿಂದೆ. ಏರು ಶುರುವಾಗುವ ಮೊದಲೇ ಹಣೆಯ ವಿಭೂತಿ ಬೆವರಿಗೆ ಕರಗತೊಡಗಿತು. ಮೇಲಿನಿಂದ ವಾಲಗದ ಸದ್ದು ಕೇಳುತ್ತಿತ್ತು. ಈ ನಡಿಗೆಯಲ್ಲಿ ಮುಹೂರ್ತ ಮುಟ್ಟುವುದಿಲ್ಲ ಎಂದು ಅಪ್ಪನಿಗೂ ಗೊತ್ತಾಯಿತು, ಮಗಳಿಗೂ ಗೊತ್ತಾಯಿತು.

ಅಷ್ಟರಲ್ಲಿ ಗಾಡಿ ಕೆಳಗಿಳಿದು ಬಂತು. ಹಿಂದಿನ ಸೀಟಿನಲ್ಲಿ ಶಂಭುಲಿಂಗ, ಪಕ್ಕದಲ್ಲಿ ಬೀಗ ರವಿಕುಮಾರ. ಹಾಡು ಊರಿಗೆಲ್ಲ ಕೇಳುತ್ತಿತ್ತು, ಉರಿಬಿಸಿಲಿನಲ್ಲಿ ದೀಪಗಳು ಮಿಣುಕುತ್ತಿದ್ದವು.

"ಮಾವಾರ, ಮದುವಿ ಮನ್ಯಾಗ ನಡಕೊಂತ ಹೊಂಟೀರೇನ್ರಿ? ಹತ್ರಿ, ಹತ್ರಿ. ಮ್ಯಾಲ ಇಳಸ್ತೇನಿ," ಎಂದ ಶಂಭುಲಿಂಗ.

ಅಜ್ಜಪ್ಪ ನಿಂತು ಗಾಡಿಯನ್ನು ಬಾಳೆಕಂಬದಿಂದ ಚೆಂಡುಹೂವಿನವರೆಗೆ ನೋಡಿದ.

"ಯಾಂವ ಕಟ್ಟಿದಾಂವ ಇದನ್ನ?"

"ನಮ್ಮ ಹಾಲೇಶ್ರಿ."

"ಚಂದ ಕಟ್ಟ್ಯಾನ. ನನಗ ಇನ್ನೂ ಅಷ್ಟ ಅವಸರ ಇಲ್ಲಂತ ಹೇಳ್ರಿ ಅಂವಗ."

ಮಾತು ತಿಳಿಯದೆ ಶಂಭುಲಿಂಗ ಗಟ್ಟಿಯಾಗಿ ನಕ್ಕ. ರವಿಕುಮಾರನೂ ನಕ್ಕ. ಅಜ್ಜಪ್ಪ ನಗಲಿಲ್ಲ. ಏರನ್ನು ಇನ್ನೊಮ್ಮೆ ನೋಡಿ, ಮಗಳ ಕಡೆಗೆ ತಿರುಗಿದ. ಅವಳನ್ನು ಸಣ್ಣವಳಿದ್ದಾಗ ಕರೆಯುತ್ತಿದ್ದಂತೆ ಕರೆದ.

"ರಂಜೂ, ಹತ್ತಲೇನವಾ? ಹಾದ್ಯಾಗ ನಿಂದ್ರೂದಿಲ್ಲಲ್ಲ ಇದು?"

ರಂಜನಾ ಮೀಟರಿನ ಕಡೆ ನೋಡಿದಳು. ಗಾಡಿ ನಿಂತಿತ್ತು, ಮುಳ್ಳು ಹಸಿರಿನಲ್ಲಿತ್ತು. ನಿಲ್ಲುತ್ತದಪ್ಪಾ, ಹತ್ತಬೇಡ ಎಂಬ ಮಾತು ಆಕೆಯ ನಾಲಿಗೆಯ ತುದಿಗೆ ಬಂದಿತ್ತು. ಆಗ ಶಂಭುಲಿಂಗ ಬೀಗರ ತೊಡೆ ತಟ್ಟಿ, "ಅಕೀನ್ನ ಕೇಳತೀರೇನ್ರಿ ಮಾವಾರ? ಅಕಿ ಮಿಕ್ಸರ ಡಿಪಾರ್ಟಮೆಂಟ," ಎಂದ. ಬೀಗ ಮತ್ತೆ ನಕ್ಕ. ಆ ನಗು ಕೇಳಿ ಆಕೆ ಬೇರೆ ಲೆಕ್ಕ ಹಾಕಿದಳು. ಇಳಿಜಾರಿನಲ್ಲಿ ಬಂದು ನಿಂತಿದೆ, ಒಂದು ಸಲ ಹತ್ತಿದರೂ ಹತ್ತೀತು. ಹತ್ತದಿದ್ದರೆ ಈ ಇಬ್ಬರ ಹಲ್ಲೂ ಒಳಗೆ ಹೋಗುತ್ತವೆ. ಆ ಗಳಿಗೆಯಲ್ಲಿ ಆಕೆಯ ಕಣ್ಣಿಗೆ ಮುಂದಿನ ಸೀಟು ಕಾಣಲಿಲ್ಲ, ಹಿಂದಿನ ಸೀಟಿನ ಹಲ್ಲುಗಳಷ್ಟೇ ಕಂಡವು.

"ಅವರನ್ನ ಕೇಳಪಾ," ಎಂದಳು. "ಮೀಟರ ಅವರಿಗೇ ತಿಳಿತೈತಿ."

ಅಜ್ಜಪ್ಪ ಆಕೆಯ ಮುಖವನ್ನು ಒಂದು ಕ್ಷಣ ನೋಡಿ, ಮಗಳು ಬೇಡ ಅನ್ನಲಿಲ್ಲವಲ್ಲ ಎಂದು ಗಾಡಿಯ ಮುಂದಿನ ಸೀಟಿಗೆ ಕೋಲು ಚಾಚಿ ಹತ್ತಿದ.

ಗಾಡಿ ಹೊರಟಿತು. ರಂಜನಾ ಪಕ್ಕಕ್ಕೇ ನಡೆದಳು. ಏರಿನ ಮೊದಲ ತುಂಡಿನಲ್ಲೇ ಮುಳ್ಳು ಹಳದಿ ದಾಟಿತು. ಲಕ್ಕಪ್ಪ ಗಾಜು ಕುಟ್ಟಿದ. ತಿರುವಿಗೆ ಬರುವ ಹೊತ್ತಿಗೆ ಮುಳ್ಳು ಕೆಂಪಿನ ತಳದಲ್ಲಿ ಮಲಗಿತು, ಗಾಡಿ ಒಂದು ಸಲ ಮುಲುಗಿ ನಿಂತೇಬಿಟ್ಟಿತು. ಲಕ್ಕಪ್ಪ ಬ್ರೇಕು ತುಳಿದ. ಎಳೆತ ನಿಂತ ಕೂಡಲೇ ಮುಳ್ಳು ಮೆಲ್ಲಗೆ ಎದ್ದು ಹಳದಿಗೆ ಬಂತು, ಇನ್ನಷ್ಟು ಎದ್ದು ಹಸಿರಿಗೆ ಕೈ ಚಾಚಿತು.

"ಚಾರ್ಜ್ ಐತಿ," ಎಂದ ಶಂಭುಲಿಂಗ, ಬಾಗಿ ನೋಡಿ. "ಹಸರಿಗೆ ಬರಾಕತ್ತೇತಿ ನೋಡ್ರಿ. ತುಳಿಯೋ ಲಕ್ಕಪ್ಪ."

ತುಳಿದ. ಗಾಡಿ ಒಂದು ಮಾರು ಮುಂದೆ ಹೋಗಿ ಮತ್ತೆ ನಿಂತಿತು. ಲಕ್ಕಪ್ಪ ಎಲೆ ಅಡಿಕೆಯ ಚೀಲಕ್ಕೆ ಕೈ ಹಾಕಿದ. ಮೇಲಿನಿಂದ ಯಾರೋ, ಮುಹೂರ್ತ ಬಂತು, ಸೋದರಮಾವ ಎಲ್ಲಿ ಎಂದು ಕೂಗಿದರು. ಈಗ ಶಂಭುಲಿಂಗನ ಮುಖ ಇಳಿಯಬೇಕಾಗಿತ್ತು. ರಂಜನಾ ಅದಕ್ಕಾಗಿಯೇ ಕಾದಿದ್ದಳು. ಅವನು ಗಾಡಿಯಿಂದ ಜಿಗಿದು, ಧೋತರದ ಚುಂಗು ಸಿಕ್ಕಿಸಿ, ಮೇಲೆ ನಿಂತ ಹುಡುಗರ ಹಿಂಡಿಗೆ ಕೈಬೀಸಿ ಕರೆದ.

"ಬರ್ರೋ ಎಲ್ಲಾರೂ. ಒಂದ ಕೈ ಹಚ್ಚರಿ."

"ನನ್ನ ಇಳಸ್ರಿ," ಎಂದ ಅಜ್ಜಪ್ಪ. ಸ್ಪೀಕರಿನ ಹಾಡಿನಲ್ಲಿ ಅವನ ದನಿ ಅವನ ಪಕ್ಕದ ಲಕ್ಕಪ್ಪನಿಗೂ ಕೇಳಲಿಲ್ಲ. ರಂಜನಾ ಕೇಳಿಸಿಕೊಂಡಳು. "ನಿಂದ್ರಿ, ಅಪ್ಪನ್ನ ಇಳಸ್ರಿ," ಎಂದು ಕೂಗಿದಳು. ಹುಡುಗರು ಆಗಲೇ ನಾಲ್ಕೂ ಬಾಳೆಕಂಬದ ಬುಡಕ್ಕೆ ಕೈ ಹಚ್ಚಿದ್ದರು. ಗಾಡಿ ಏರತೊಡಗಿತು. ಬ್ಯಾಂಡಿನವರು ಇದು ಮೆರವಣಿಗೆ ಎಂದು ತಿಳಿದು ಹಿಂದೆ ಸೇರಿಕೊಂಡರು. ವಧೂವರರ ಮೇಲೆ ಎರಚಲು ಬುಟ್ಟಿಯಲ್ಲಿಟ್ಟಿದ್ದ ಹೂವಿನ ಎಸಳುಗಳನ್ನು ಹಾನಗಲ್ಲಿನ ಹೆಣ್ಣುಮಕ್ಕಳು ಉಮೇದಿಗೆ ಬಿದ್ದು ಗಾಡಿಯ ಮೇಲೆ ಎರಚಿದರು.

ರಂಜನಾ ಓಡಿಹೋಗಿ ಸ್ಪೀಕರಿನ ವಾಯರನ್ನು ಕಿತ್ತೆಸೆದಳು. ಹಾಡು ನಿಂತಿತು. ಹಾಡು ನಿಂತರೆ ಅಪ್ಪನ ಮಾತು ಕೇಳುತ್ತದೆ ಎಂದು ಆಕೆ ತಿಳಿದಿದ್ದಳು. ಆದರೆ ಅಪ್ಪ ಮಾತಾಡುವುದನ್ನು ಬಿಟ್ಟಿದ್ದ. ಹಾಡಿಲ್ಲದ ಆ ಹೊತ್ತಿನಲ್ಲಿ ನೂಕುವವರ ಉಸಿರು, ಡೋಲಿನ ಒಂದೇ ಸಮನೆಯ ಬಡಿತ, ಹೂವಿನ ನಡುವೆ ಬಿಳಿ ಬಟ್ಟೆ, ವಿಭೂತಿ, ಕಣ್ಣು ಮುಚ್ಚಿಕೊಂಡು ಕೂತ ಮುದುಕ. ದಾರಿಯ ಎರಡೂ ಬದಿಗೆ ನಿಂತ ಮಂದಿಗೆ ಅದೇನು ಕಾಣಿಸಿತೋ, ನಗುತ್ತಿದ್ದವರು ನಗು ನಿಲ್ಲಿಸಿದರು. ಕೆಲವು ಮುದುಕಿಯರು ಸೆರಗು ತಲೆಗೆಳೆದುಕೊಂಡು ಹಿಂದೆ ಸರಿದರು. ಒಂದಿಬ್ಬರು ಗಂಡಸರು ಯಾಕೆಂದು ತಮಗೇ ತಿಳಿಯದೆ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. ಅಜ್ಜಪ್ಪನ ಬಲಗೈ ಮುಂದಿನ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು. ತಾನು ಇನ್ನೂ ಹಿಡಿಯಬಲ್ಲೆ ಎಂದು ಎಲ್ಲರಿಗೂ ಕಾಣಲಿ ಎಂಬಂತೆ ಹಿಡಿದಿತ್ತು.

ಮುಹೂರ್ತ ತಪ್ಪಲಿಲ್ಲ. ಗಾಡಿ ಮಂಟಪದ ಬಾಗಿಲು ಮುಟ್ಟಿತು, ಅಜ್ಜಪ್ಪ ಯಾರ ಕೈಯನ್ನೂ ಹಿಡಿಯದೆ ಇಳಿದ. ರುಮಾಲಿನ ಮೇಲೆ ಬಿದ್ದ ಎಸಳುಗಳನ್ನು ಒಂದೊಂದಾಗಿ ಕೊಡವಿದ. ಪೂಜಾಳ ಕೈ ಹಿಡಿದು ಮಂಟಪಕ್ಕೆ ಕರೆತಂದ, ಅಕ್ಕಿಕಾಳು ಹಾಕಿದ, ಮೊಮ್ಮಗಳ ತಲೆ ಮುಟ್ಟಿ ಹರಸಿದ. ಎಲ್ಲವನ್ನೂ ಪದ್ಧತಿ ಪ್ರಕಾರ ಮಾಡಿ ಮುಗಿಸಿದ ಮೇಲೆ ಮೂಲೆಯ ಒಂದು ಕುರ್ಚಿಯಲ್ಲಿ ಗೋಡೆಯ ಕಡೆಗೆ ಮುಖ ಮಾಡಿ ಕೂತುಬಿಟ್ಟ.

ಶಂಭುಲಿಂಗನಿಗೆ ನಾಚಿಕೆಯಾಯಿತೇ? ರಂಜನಾ ಊಟದ ಪಂಕ್ತಿಯವರೆಗೂ ಅವನ ಮುಖವನ್ನೇ ಕಾದು ನೋಡಿದಳು. ಅವನು ಹೋಳಿಗೆ ಬಡಿಸುವವರ ಹಿಂದೆ ಓಡಾಡುತ್ತ, ಫೋಟೊದವನ ಕ್ಯಾಮೆರಾದಲ್ಲಿ ಚಿತ್ರ ತೋರಿಸುತ್ತಿದ್ದ. "ನೋಡ್ರಿ ಬೀಗರ, ಹಾನಗಲ್ಲಿನ ಹುಡುಗ್ರು, ಶಿಗ್ಗಾಂವದ ಹುಡುಗ್ರು ಕೂಡಿ ಕೈ ಹಚ್ಚ್ಯಾರ. ಸಂಬಂಧ ಅಂದ್ರ ಹಿಂಗಿರಬೇಕು," ಎನ್ನುತ್ತಿದ್ದ. ಬೀಗರು ಹೌದು ಹೌದು ಎಂದರು. ಸವಣೂರಿನವರೊಬ್ಬರು ತಮ್ಮ ಮಗಳ ಮದುವೆಗೂ ಇದೇ ಮಂಟಪ, ಇದೇ ಗಾಡಿ ಎಂದು ಅಲ್ಲೇ ಮಾತು ಕೊಟ್ಟರು. ಬಾಗಿಲಲ್ಲಿ ನಿಂತ ಗಾಡಿಯ ಮೀಟರಿನಲ್ಲಿ ಮುಳ್ಳು ಹಸಿರಿಗೆ ಬಂದಿರುವುದನ್ನು ಅವರಿಗೂ ತೋರಿಸಿದ. ನಾಚಿಕೆ ಎಂಬುದು ಅವನ ಮೈಯಲ್ಲಿ ಇರಲೇ ಇಲ್ಲ. ಇಲ್ಲದ್ದನ್ನು ಹೊರಗೆಳೆಯಲು ತಾನು ಇಷ್ಟು ದಿನ ಕಾದಿದ್ದೆ ಎಂದು ಆಕೆಗೆ ಆಗ ಹೊಳೆಯಿತು.

ತಟ್ಟೆಯಲ್ಲಿ ಹೋಳಿಗೆ, ತುಪ್ಪ, ಒಂದಿಷ್ಟು ಅನ್ನ ಹಾಕಿಕೊಂಡು ರಂಜನಾ ಅಪ್ಪನ ಬಳಿ ಹೋದಳು. ಅವನು ತಟ್ಟೆ ತೆಗೆದುಕೊಳ್ಳಲಿಲ್ಲ. ಆಕೆ ಪಕ್ಕದಲ್ಲಿ ಕುಂತು, ಸಮಾಧಾನ ಮಾಡಬೇಕೆಂದು ತನಗೆ ರೂಢಿಯಾದ ಮಾತನ್ನೇ ಎತ್ತಿಕೊಂಡಳು.

"ಅವರಿಗೆ ಒಂದಿಷ್ಟರ ಬುದ್ಧಿ ಐತೇನಪಾ. ಮುಳ್ಳ ಹಸರಾದ್ರ ಮುಗೀತು, ತುಂಬೇತಿ ಅಂತಾರ. ನಿಂತ ಗಾಡಿ ಮೀಟರ ನೋಡಿ ಏನ ತಿಳಿತೈತಿ? ಏರಿನ್ಯಾಗ ಬೀಳತೈತಿ, ಹಾದ್ಯಾಗ ನಿಂದ್ರತೈತಿ ಅಂತ ನಾ ತಿಂಗಳ ಹಿಂದ ಹೇಳಿದ್ದೆ. ನಕ್ಕಬಿಟ್ರು."

ಅಜ್ಜಪ್ಪ ಗೋಡೆಯಿಂದ ಕಣ್ಣು ತೆಗೆದು ಮಗಳನ್ನು ನೋಡಿದ.

"ನಿಂದ್ರತೈತಂತ ನಿನಗ ಗೊತ್ತಿತ್ತು?"

"ಗೊತ್ತಿತ್ತಪಾ. ನನಗೊಬ್ಬಾಕಿಗೇ ಗೊತ್ತಿತ್ತು," ಎಂದಳು ರಂಜನಾ. ಹೇಳುವಾಗ ದನಿಯಲ್ಲಿ ಹೆಮ್ಮೆಯಿತ್ತು. ಹೇಳಿ ಮುಗಿಸಿದ ಮೇಲೆ ಆಕೆಗೆ ತಾನು ಏನು ಹೇಳಿದೆ ಎಂಬುದು ಕೇಳಿಸಿತು.

ಅಜ್ಜಪ್ಪ ಸಿಟ್ಟಾಗಲಿಲ್ಲ. ತಟ್ಟೆಯನ್ನು ಆಕೆಯ ಕೈಯಿಂದ ತೆಗೆದು ಪಕ್ಕದ ಕುರ್ಚಿಯ ಮೇಲೆ ಮೆಲ್ಲಗೆ ಇಟ್ಟ.

"ನಾ ಅವರನ್ನ ಕೇಳಿದ್ದಿಲ್ಲವಾ," ಎಂದ. "ನಿನ್ನ ಕೇಳಿದ್ದೆ."